ಹಿಂದಿನ ಬೆಂಚಿನ ದಡ್ಡ

"ಅರ್ಥ ಆಗ್ಲಿಲ್ಲ, ಮಿಸ್," ಎಂದ ಹಿಂದಿನ ಬೆಂಚಿನ ದಡ್ಡ. ಮತ್ತೆ ಅದೇ ಮಾತು.

ಗಿಣಿ ಕರಿಹಲಗೆಯ ಕಡೆ ತಿರುಗಿ ಹಲ್ಲು ಕಚ್ಚಿದಳು. ಆಮೇಲೆ ತರಗತಿಯ ಕಡೆ ತಿರುಗಿ ನಕ್ಕಳು. ನಗಲೇಬೇಕಿತ್ತು. ದಡ್ಡನ ತಲೆ ಅರ್ಧಕ್ಕರ್ಧ ನರೆತಿತ್ತು, ಮೊಣಕಾಲು ಬೆಂಚಿನೊಳಗೆ ಹಿಡಿಸುತ್ತಿರಲಿಲ್ಲ. ಅವಳು ಪಾಸೋ ಫೇಲೋ ಎಂದು ಬರೆಯುವ ಪೆನ್ನು ಅವನ ಜೇಬಿನಲ್ಲೇ ಇತ್ತು.

ಶಿಕ್ಷಕರ ತರಬೇತಿ ಕಾಲೇಜಿನ ಪದ್ಧತಿಯೇ ಹಾಗೆ. ನಿಜವಾದ ಮಕ್ಕಳ ಮುಂದೆ ನಿಲ್ಲುವ ಮೊದಲು ಸಹಪಾಠಿಗಳ ಮುಂದೆ ಅಭ್ಯಾಸ ಪಾಠ ಮಾಡಬೇಕು. ಸಹಪಾಠಿಗಳು ಆ ಹೊತ್ತಿಗೆ ಮಕ್ಕಳಾಗಬೇಕು. ಪೊದೆಮೀಸೆಯವನೊಬ್ಬ ಕಿರುಬೆರಳೆತ್ತಿ ಹೊರಗೆ ಹೋಗಲು ಅಪ್ಪಣೆ ಕೇಳುತ್ತಾನೆ. ಇಬ್ಬರು ಮಕ್ಕಳ ತಾಯಿ, ಎಲ್ಲರೂ ಅಕ್ಕ ಎಂದು ಕರೆಯುವವಳು, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬಂದು ಪಕ್ಕದವಳನ್ನು ಚಿವುಟುತ್ತಾಳೆ. ಗಣಿತದ ಮೇಷ್ಟ್ರದು ಮಾತ್ರ ವರ್ಷ ವರ್ಷವೂ ಒಂದೇ ಪಾತ್ರ: ತರಗತಿಯ ಶತದಡ್ಡ. ಭಿನ್ನರಾಶಿಯ ಭಾಗಾಕಾರವನ್ನು ಪ್ರತಿವರ್ಷ ಯಾರಾದರೊಬ್ಬರ ತಲೆಗೆ ಕಟ್ಟಿ, ತಾವು ಹಿಂದಿನ ಬೆಂಚಿಗೆ ಹೋಗಿ ಕೂತುಬಿಡುತ್ತಿದ್ದರು. ಅವರ ನಟನೆ ನೋಡಲು ಬೇರೆ ವಿಭಾಗದವರೂ ಕಿಟಕಿಯ ಬಳಿ ನಿಲ್ಲುವುದುಂಟು.

ಮೇಷ್ಟ್ರು ಒಪ್ಪಿದರೆ ಸೋಮವಾರದಿಂದ ನಿಜವಾದ ಶಾಲೆ. ಒಪ್ಪದಿದ್ದರೆ ಇನ್ನೊಂದು ವರ್ಷ ಇದೇ ಮೀಸೆಯ ಮಕ್ಕಳು.

ಒಪ್ಪುವ ಲಕ್ಷಣ ಕಾಣುತ್ತಿರಲಿಲ್ಲ. ಕಾರಣ ಗಿಣಿಗೆ ಗೊತ್ತಿತ್ತು. ಯಾರ ದನಿಯನ್ನಾದರೂ ಅಣಕಿಸಿ ಆಡುತ್ತಾಳೆಂದೇ ಅವಳಿಗೆ ಆ ಹೆಸರು. ನಿನ್ನೆ ಕ್ಯಾಂಟೀನಿನಲ್ಲಿ ಮೇಷ್ಟ್ರ ದನಿಯನ್ನೇ ಅಣಕಿಸಿದ್ದಳು: "ಯಾಕೆ, ಏನು ಅಂತೆಲ್ಲ ಕೇಳ್ಬೇಡಿ! ತಲೆಕೆಳಗು ಮಾಡಿ, ಗುಣಿಸಿ, ಮುಂದಿನ ಲೆಕ್ಕಕ್ಕೆ ನಡೀರಿ!" ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಂತಿತು. ಮೇಷ್ಟ್ರು ಅವಳ ಬೆನ್ನ ಹಿಂದೆಯೇ ಲೋಟ ಹಿಡಿದು ನಿಂತಿದ್ದರು.

ಇವತ್ತು ಸೇಡು ತೀರಿಸುತ್ತಿದ್ದಾರೆ. ಇನ್ನೇನು?

"ನೋಡು ಮರಿ," ಎಂದಳು ಗಿಣಿ, ದನಿಗೆ ಸಕ್ಕರೆ ಬೆರೆಸಿ. "ಮೂರನ್ನ ಅರ್ಧದಿಂದ ಭಾಗಿಸ್ಬೇಕು. ಅರ್ಧವನ್ನ ತಲೆಕೆಳಗು ಮಾಡಿದ್ರೆ ಎರಡು. ಮೂರೆರಡ್ಲಿ ಆರು. ಸರಿನಾ?"

"ಯಾಕೆ ತಲೆಕೆಳಗು ಮಾಡ್ಬೇಕು, ಮಿಸ್?"

"ಅದು ನಿಯಮ."

"ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ? ಮೂರು ಹೋಗಿ ಆರು ಹೆಂಗಾಯ್ತು?"

"ಮಿಸ್, ಅವನು ಯಾವಾಗ್ಲೂ ಹಿಂಗೇ!" ಪೊದೆಮೀಸೆ ಎದ್ದು ನಿಂತು ಚಾಡಿ ಹೇಳಿದ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲವಲ್ಲ. "ಬೆಂಚ್ ಮೇಲೆ ನಿಲ್ಸಿ, ಮಿಸ್!"

ಗಿಣಿ ಗಡಿಯಾರ ನೋಡಿದಳು. ಇನ್ನೂ ಎರಡು ಲೆಕ್ಕ, ಪುನರಾವರ್ತನೆ, ಮನೆಗೆಲಸ ಎಲ್ಲ ಬಾಕಿ. ಜಾಣತನವೆಂದರೆ "ಆಮೇಲೆ ಹೇಳ್ತೀನಿ" ಎಂದು ಮುಂದೆ ಹೋಗುವುದು. ಅವಳಿಗೆ ರೇಗಿತು. ಸೀದಾ ಬಂದು ಅಕ್ಕನ ಒಂದು ಜಡೆಯ ರಿಬ್ಬನ್ ಎಳೆದಳು.

"ಅಯ್ಯೋ, ನನ್ನ ಜಡೆ ಕಣೇ!" ಎಂದಳು ಅಕ್ಕ, ಪಾತ್ರ ಮರೆತು.

ರಿಬ್ಬನ್ನನ್ನು ದಡ್ಡನ ಬೆಂಚಿನ ಮೇಲೆ ಹಾಸಿ ಗಿಣಿ ಗೇಣು ಹಾಕಿದಳು. ಮೂರು ಗೇಣು.

"ಒಂದು ಹೂವು ಮಾಡೋಕೆ ಅರ್ಧ ಗೇಣು ಬೇಕು. ಒಂದು ಗೇಣಲ್ಲಿ ಎಷ್ಟು ಹೂವು?"

ಮೇಷ್ಟ್ರು ರಿಬ್ಬನ್ ಮಡಚಿದರು. "ಎರಡು."

"ಮೂರು ಗೇಣಲ್ಲಿ?"

ಮೇಷ್ಟ್ರು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ತರಗತಿ ನಗುವುದನ್ನು ಬಿಟ್ಟು ನೋಡತೊಡಗಿತು.

"ಗೇಣಿಗೆ ಎರಡೆರಡು... ಅದಕ್ಕೇ ಎರಡರಿಂದ ಗುಣಿಸೋದು!" ಎಂದರು. "ಎಷ್ಟು ಸಲ ಹಿಡಿಸುತ್ತೆ ಅಂತ ಕೇಳ್ತಿರೋದು! ಹಂಚ್ತಿರೋದಲ್ಲ!"

ಗಂಟೆ ಹೊಡೆಯಿತು.

ಪಾಠ ಮಾಡಿದವರು ತಮ್ಮ ತಪ್ಪುಗಳನ್ನು ತಾವೇ ಹೇಳಿಕೊಳ್ಳುವುದು ಅಲ್ಲಿಯ ಇನ್ನೊಂದು ಪದ್ಧತಿ. ಗಿಣಿ ಕೈಕಟ್ಟಿ ನಿಂತಳು. "ಒಬ್ಬ ವಿದ್ಯಾರ್ಥಿಗೋಸ್ಕರ ಇಡೀ ತರಗತಿಯನ್ನ ಕಾಯಿಸಿದೆ. ಪಾಠ ಮುಗಿಸ್ಲಿಲ್ಲ. ಮನೆಗೆಲಸ ಕೊಡ್ಲಿಲ್ಲ. ಸಿಟ್ಟು ಬಂತು. ಅಕ್ಕನ ಜಡೆ ಬಿಚ್ಚಿದೆ."

"ನಮ್ಮ ಸಾರ್ ಆಕ್ಟಿಂಗ್ ಮುಂದೆ ಯಾರೂ ನಿಲ್ಲಲ್ಲ ಬಿಡಿ!" ಎಂದ ಪೊದೆಮೀಸೆ, ಈಗ ದೊಡ್ಡವನಾಗಿ. "ಕೊನೇಲಿ ಕಣ್ಣಲ್ಲಿ ನೀರೇ ತಂದ್ಬಿಟ್ರಲ್ಲ, ಸಾರ್!"

ಮೇಷ್ಟ್ರು ಮೂಗು ಒರೆಸಿಕೊಂಡರು. "ಧೂಳು," ಎಂದರು. ಆಮೇಲೆ ಗಿಣಿಯ ಮುಖ ನೋಡದೆ, "ನೀನು ನನ್ನ ರೂಮಿಗೆ ಬಾ," ಎಂದು ಹೊರಟರು.

"ಹೋದ ತಕ್ಷಣ ತಪ್ಪಾಯ್ತು ಅಂದ್ಬಿಡು," ಎಂದು ಅಕ್ಕ ಪಿಸುಗುಟ್ಟಿದಳು. "ಇಷ್ಟುದ್ದ ನಾಲಿಗೆ ಯಾಕಮ್ಮಾ ಬೇಕಿತ್ತು ನಿಂಗೆ?"

ಗಿಣಿ ಹಾಗೇ ಮಾಡಿದಳು. "ಸಾರ್, ನಿನ್ನೆ ಕ್ಯಾಂಟೀನಲ್ಲಿ ಸುಮ್ನೆ ತಮಾಷೆಗೆ..."

"ದನಿ ಪರವಾಗಿಲ್ಲ. ಮಧ್ಯೆ ಒಂದು ಕೆಮ್ಮು ಸೇರಿಸ್ಬೇಕಿತ್ತು," ಎಂದರು ಮೇಷ್ಟ್ರು. "ಸೋಮವಾರ ಶಾಲೆಗೆ ಹೋಗು. ಪಾಸು."

ಗಿಣಿಗೆ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಮೇಷ್ಟ್ರ ಮನಸ್ಸು ಬದಲಾಗುವ ಮೊದಲೇ ಪಾರಾಗೋಣವೆಂದು ಬಾಗಿಲ ಕಡೆ ಹೆಜ್ಜೆ ಹಾಕಿದಳು.

"ನಿಲ್ಲು. ಬಾಗಿಲು ಹಾಕಿ ಬಂದು ಕೂತ್ಕೋ."

ಅವಳು ಕೂತಳು. ಮೇಷ್ಟ್ರು ಕಿಟಕಿಯಾಚೆ ಯಾರೂ ಇಲ್ಲವೆಂದು ನೋಡಿ ಖಾತ್ರಿಪಡಿಸಿಕೊಂಡರು. ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ದನಿ ತಗ್ಗಿಸಿದರು.

"ಅರ್ಧದ್ದು ಇವತ್ತು ಗೊತ್ತಾಯ್ತಮ್ಮ. ಮುಕ್ಕಾಲು ಬಂದ್ರೆ ಯಾಕೆ ತಲೆಕೆಳಗು ಮಾಡೋದು? ಸ್ವಲ್ಪ ಬೇಗ ಹೇಳ್ಕೊಟ್ಬಿಡು, ಮುಂದಿನ ಪೀರಿಯಡ್ ನಂದೇ ಪಾಠ."