ತಪ್ಪು ಪಾಸ್ ಯಾರದು?

ಫಾಕುಂದೊ ಕೊಟ್ಟ ಪಾಸ್ ಯಾರ ಕಾಲಿಗೂ ಸಿಗದೆ ಬೇಲಿಯತ್ತ ಉರುಳಿಹೋಯಿತು. ಉರುಗ್ವೆಯ ಪರವಾಗಿ ಎರಡು ಫುಟ್‌ಬಾಲ್ ವಿಶ್ವಕಪ್ ಆಡಿದ ಕಾಲು ಅದು. ಅಮೆರಿಕದ ಮಿಲ್ವಾಕಿಯ ಮೈದಾನದಲ್ಲಿ ಅದಕ್ಕಿದು ಮೊದಲ ಬೆಳಿಗ್ಗೆ. ವೃತ್ತದಲ್ಲಿ ನಿಂತವರು ಚೆಂಡನ್ನು ಒಂದೇ ಸ್ಪರ್ಶಕ್ಕೆ ದಾಟಿಸಬೇಕು, ನಡುವೆ ಇರುವವನು ಅದನ್ನು ಕಸಿಯಬೇಕು, ತಪ್ಪು ಪಾಸ್ ಕೊಟ್ಟವನು ನಡುವೆ ಬಂದು ಓಡಬೇಕು. ಈ ಅಭ್ಯಾಸದ ನಿಯಮ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಎಲ್ಲರೂ ತಮ್ಮ ತಮ್ಮ ಬೂಟಿನ ದಾರ ನೋಡಿಕೊಂಡರು.

"ನಂದೇ ತಪ್ಪು, ಸ್ವಲ್ಪ ಮುಂದೆ ಬರ್ಬೇಕಿತ್ತು," ಎಂದ ಒಬ್ಬ.

"ಇಲ್ಲಪ್ಪ, ಗಾಳಿ ಜಾಸ್ತಿ ಇವತ್ತು," ಎಂದ ಇನ್ನೊಬ್ಬ. ಊರಿನ ಪಕ್ಕದ ಸರೋವರದ ಗಾಳಿ ಆ ಹೊತ್ತಿಗೆ ಮೂಲೆಯ ಬಾವುಟವನ್ನೂ ಅಲ್ಲಾಡಿಸುತ್ತಿರಲಿಲ್ಲ.

ಬೇಲಿಯ ಆಚೆ ಕಾಫಿ ಹಿಡಿದು ನಿಂತಿದ್ದ ಲೊರೇನ್‌ಗೆ ಈ ವಿನಯ ಹಿತವಾಗಿಯೇ ಇತ್ತು. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಈ ಕ್ಲಬ್ಬಿನಲ್ಲಿ ನಿರ್ಧರಿಸುವವಳು ಅವಳು. ಈ ವರ್ಷವೂ ಪ್ಲೇ ಆಫ್ ತಪ್ಪಿದರೆ ನಿನ್ನ ಕುರ್ಚಿ ಖಾಲಿ ಎಂದು ಮಾಲೀಕರು ನಗುತ್ತಲೇ ಹೇಳಿದ್ದರು. ಫಾಕುಂದೊ ಮಧ್ಯಾಹ್ನ ಕ್ಯಾಮೆರಾಗಳ ಮುಂದೆ ಸಹಿ ಹಾಕಿಬಿಟ್ಟರೆ ಸಾಕಿತ್ತು.

ಅಷ್ಟರಲ್ಲಿ ಡಿಫೆಂಡರ್ ವೆಂಡೆಲ್‌ನ ಗಂಟಲು ಕೇಳಿಸಿತು. ತಲೆಯ ಕೂದಲು ಉದುರಿ ಗಡ್ಡ ನರೆತ ಆಸಾಮಿ, ಆ ಮೈದಾನದ ಅತಿ ಹಳೆಯ ತಲೆ. "ಏ ಸಾವ್ಕಾರ, ಪಾಸ್ ಕೊಟ್ಟಿದ್ದು ಗಾಳಿನಾ, ನೀನಾ? ಬಾ ನಡುವೆ!"

ಲೊರೇನ್‌ಳ ಕಾಫಿ ಅರ್ಧ ಕೋಟಿನ ಮೇಲೆ ಚೆಲ್ಲಿತು. ಫಾಕುಂದೊ ಒಂದು ಗಳಿಗೆ ವೆಂಡೆಲ್‌ನನ್ನೇ ದಿಟ್ಟಿಸಿದ. ಆಮೇಲೆ ನಡುವೆ ಹೋದ. ಹೋದವನನ್ನು ಅವರು ಸುಮ್ಮನೆ ಬಿಡಲಿಲ್ಲ; ನಾಲಿಗೆ ಹೊರಗೆ ಬರುವ ತನಕ ಓಡಿಸಿದರು.

ನೀರು ಕುಡಿಯುವ ಬಿಡುವಿನಲ್ಲಿ ಅವನು ಬೆವರು ಸುರಿಸಿಕೊಂಡು ನೇರ ಬೇಲಿಯ ಬಳಿಗೆ ಬಂದ. "ಮೇಡಂ, ಆ ಗಡ್ಡದವನು ಯಾರು?"

"ಅವನ ಮಾತು ತಲೆಗೆ ಹಾಕ್ಕೋಬೇಡಿ. ನಾಳೆಯಿಂದ ಅವನು ನಿಮ್ಮ ಕಣ್ಣಿಗೇ ಬೀಳಲ್ಲ. ಟೆಕ್ಸಸ್ ಕ್ಲಬ್ಬಿನವರಿಗೆ ಕೊಟ್ಟುಬಿಡ್ತಿದ್ದೀನಿ. ತಂಡದ ಒಟ್ಟು ಸಂಬಳಕ್ಕೆ ಲೀಗ್ ಒಂದು ಮಿತಿ ಹಾಕಿದೆ ನೋಡಿ, ನಿಮ್ಮಂಥವರು ಬಂದ್ರೆ ಯಾರಾದ್ರೂ ಹೋಗ್ಲೇಬೇಕು."

"ಅವನಿಗೆ ಗೊತ್ತಾ?"

"ಮಧ್ಯಾಹ್ನ ಹೇಳ್ತೀವಿ. ಇಲ್ಲಿ ಆಟಗಾರನ್ನ ಕೇಳೋ ಪದ್ಧತಿ ಇಲ್ಲ."

"ನಮ್ಮಜ್ಜ ಹಸು ಮಾರೋವಾಗ್ಲೂ ಅದರ ಕಿವೀಲಿ ಒಂದು ಮಾತು ಹೇಳ್ತಿದ್ರು," ಎಂದು ಫಾಕುಂದೊ ನಕ್ಕ. ಮರುಕ್ಷಣ ಆ ನಗು ಮುಖದಲ್ಲಿ ಉಳಿಯಲಿಲ್ಲ. "ಹಿಂದಿನ ಕ್ಲಬ್ಬಲ್ಲಿ ನಾನು ಏನು ತಪ್ಪು ಮಾಡಿದ್ರೂ ಯಾರೋ ಒಬ್ಬ 'ನಂದು, ನಂದು' ಅಂತ ಓಡಿ ಬರ್ತಿದ್ದ. ಕೊನೆಗೆ ಕ್ಲಬ್ ಕೆಳಗಿನ ದರ್ಜೆಗೆ ಬಿತ್ತು. ಅವತ್ತೂ ಬಂದು ನನ್ನ ಜೊತೆ ಫೋಟೊ ತಗೊಂಡ್ರು. ಗಡ್ಡದವನು ಇದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ನಮಸ್ಕಾರ."

ಬೆದರಿಕೆಗೆ ಬಗ್ಗುವ ಜಾಯಮಾನ ಲೊರೇನ್‌ಳದಲ್ಲ. "ಅಂಚಲ್ಲಿ ಓಡೋಕೆ ಬೆಲ್ಜಿಯಂನಿಂದ ಒಬ್ಬ ವಿಂಗರ್‌ನ ತರೋಳಿದ್ದೆ. ಇವನು ಉಳಿದ್ರೆ ಅವನ ಸಂಬಳಕ್ಕೆ ಜಾಗ ಇರಲ್ಲ. ಆ ಓಟಾನೂ ನೀವೇ ಓಡ್ಬೇಕು, ತಿಳೀತಾ?"

"ಈಗ ಓಡಿದ್ದು ನೋಡಿದ್ರಲ್ಲ."

ಅವಳು ಮೈದಾನದ ಕಡೆ ನೋಡಿದಳು. ವೆಂಡೆಲ್ ಯಾರಿಗೋ ಬೈಯುತ್ತಿದ್ದ, ಬೈಸಿಕೊಂಡವನು ನಗುತ್ತಿದ್ದ. ಮೇಲಿನ ಕೋಣೆಯಲ್ಲಿ ಕುಳಿತು ಇವರೆಲ್ಲರ ವೇಗ ಅಳೆದವಳು, ದಮ್ಮು ಅಳೆದವಳು ಅವಳು. ಈ ಬೈಗುಳ ಅಷ್ಟು ಎತ್ತರಕ್ಕೆ ಕೇಳಿಸಿರಲಿಲ್ಲ. ನಾಚಿಕೆಯಾಯಿತು, ಅದನ್ನು ಬಹಳ ಹೊತ್ತು ಇಟ್ಟುಕೊಳ್ಳದೆ ಫೋನ್ ಎತ್ತಿದಳು. "ಟೆಕ್ಸಸ್? ವೆಂಡೆಲ್ ಬರಲ್ಲ... ಹೌದು ಕಣ್ರೀ, ನಾನೇ ಕೊಡ್ತೀನಿ ಅಂದಿದ್ದೆ. ಈಗ ನಾನೇ ಕೊಡಲ್ಲ ಅಂತಿದ್ದೀನಿ." ಫೋನ್ ಜೇಬಿಗೆ ಸೇರುವಾಗ ಅವಳಿಗೆ ಬಹಳ ದಿನಗಳ ಮೇಲೆ ಈ ತಂಡ ಗೆಲ್ಲುತ್ತದೆ ಎನ್ನಿಸಿತು.

ವೃತ್ತ ಮತ್ತೆ ಸೇರಿತ್ತು. ಫಾಕುಂದೊ ಚೆಂಡನ್ನು ಕಾಲಡಿ ಒತ್ತಿ ಹಿಡಿದು ಕೂಗಿದ, "ಮೇಡಂ! ಈಗೊಂದು ಪಾಸ್ ತಪ್ಪಾಗಿ ಟೆಕ್ಸಸ್ ಕಡೆ ಹೋಗ್ತಿತ್ತಲ್ಲ, ಅದು ಯಾರದು?"

"ನಂದು."

"ಮತ್ತೆ ಅಲ್ಲೇ ಯಾಕೆ ನಿಂತಿದ್ದೀರಿ?"

ಎಲ್ಲರೂ ಮತ್ತೆ ಬೂಟಿನ ದಾರ ನೋಡಿಕೊಂಡರು. ಅದು ಯಾವ ಪಾಸೆಂದು ವೆಂಡೆಲ್‌ಗೆ ಗೊತ್ತಿರಲಿಲ್ಲ, ಆದರೆ ನಿಯಮ ಗೊತ್ತಿತ್ತು. "ಬನ್ನಿ ಮೇಡಂ, ನಡುವೆ!"

ಲೊರೇನ್ ಕಾಫಿ ಲೋಟವನ್ನು ಬೇಲಿಯ ಕಂಬದ ಮೇಲಿಟ್ಟಳು. ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒದ್ದೆ ಹುಲ್ಲು ತುಳಿದು ವೃತ್ತದ ನಡುವೆ ನಿಂತಳು. ವೆಂಡೆಲ್ ಚೆಂಡು ಒದ್ದ. ಅವಳಿಗಾಗಿ ಒಂದಿಷ್ಟೂ ನಿಧಾನ ಮಾಡಲಿಲ್ಲ.