ಸರದಿ ತಪ್ಪಿದ ಸಾಲು

ಟಕ್ ಎಂದು ಬಚ್ಚಲುಮನೆಯ ಚಿಲಕ ಮುರಿದು ಕೈಗೇ ಬಂತು. ಮನೆಯಲ್ಲಿ ನಾನೊಬ್ಬಳೇ. ಯಜಮಾನರು ಫೋನ್ ಎತ್ತಲಿಲ್ಲ. ಬಡಾವಣೆಯ ಗೆಳತಿಯರು ಸರದಿಯಂತೆ ಒಂದೊಂದು ಸಾಲು ಬರೆದು ಕಥೆ ಕಟ್ಟುವ ವಾಟ್ಸಾಪ್ ಗುಂಪಿಗೆ ಬರೆದೆ:

“ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಯಾರಾದರೂ ಬನ್ನಿ.”

“ಸಾಲು ಚೆನ್ನಾಗಿದೆ ಕಣ್ರೀ. ಆದ್ರೆ ಈಗ ಶಾಮಲಕ್ಕನ ಸರದಿ,” ಎಂದರು ಅಡ್ಮಿನ್ ಜಲಜಾಕ್ಷಿ.

“ಇದು ಕಥೆಯಲ್ಲ, ನಿಜ.”

“ಅಬ್ಬಾ, ಎಂಥ ತಿರುವು,” ಎಂದರು ಶಾಮಲಕ್ಕ.

“ದಯವಿಟ್ಟು ಬನ್ನಿ, ಉಸಿರು ಕಟ್ಟುತ್ತಿದೆ.”

“ನಿಯಮ ಎಲ್ರಿಗೂ ಒಂದೇ. ಇನ್ನೊಂದು ಸಾಲು ಹಾಕಿದ್ರೆ ಗುಂಪಿನಿಂದ ತೆಗೀಬೇಕಾಗತ್ತೆ,” ಎಂದರು ಜಲಜಾಕ್ಷಿ.

ಸಂಜೆ ಯಜಮಾನರು ಬಂದು ಬಾಗಿಲು ಒಡೆದರು. ಅಷ್ಟರಲ್ಲಿ ಜಲಜಾಕ್ಷಿಯ ಇನ್ನೊಂದು ಸಂದೇಶ ಬಂದಿತ್ತು: “ವಾರದ ಬಹುಮಾನ ನಿಮಗೇ. ಎಷ್ಟು ಸಹಜವಾಗಿ ಬರೀತೀರ್ರೀ.”

ನಡೆದದ್ದನ್ನು ಯಾರಿಗೂ ಹೇಳಬೇಡಿ ಎಂದು ಯಜಮಾನರಿಂದ ಮಾತು ತೆಗೆದುಕೊಂಡು, ಗುಂಪಿನಲ್ಲಿ “ಧನ್ಯವಾದ” ಎಂದು ಬರೆದೆ.