ಮೂಲೆ ಮಡಚಿದ ಕಾರ್ಡು

ಮನೆಯ ಮಕ್ಕಳ ಜೊತೆ ಕಾರ್ಡಾಟಕ್ಕೆ ಕೂತಿದ್ದ ತನ್ನ ಮಗಳ ಮೂಗಿಗೆ ಮೂರನೇ ಸಲ ಮಸಿ ಬಿದ್ದಾಗ ಕೆಲಸದವಳು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದಳು. ಪಕ್ಕದವರ ಕೈಯಿಂದ ಒಂದೊಂದೇ ಕಾರ್ಡು ಎಳೆದು, ಜೋಡಿಯಾದವನ್ನು ಕೆಳಗಿಡುತ್ತ ಹೋಗಬೇಕು. ಕೊನೆಗೆ ಜೋಡಿಯೇ ಇಲ್ಲದ ಕಸ ಗುಡಿಸುವವಳ ಚಿತ್ರ ಯಾರ ಕೈಯಲ್ಲಿ ಉಳಿಯುತ್ತದೋ ಅವರಿಗೆ ಮಸಿ.

"ನಮ್ಮಜ್ಜನ ಕಾಲದ ಆಟ ಕಣೆ. ಇಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ," ಎಂದಳು ಮನೆಯೊಡತಿ. "ನಿನ್ನ ಮಗಳ ಹಣೆಬರಹಕ್ಕೆ ಯಾರೇನ್ ಮಾಡೋಕಾಗುತ್ತೆ?"

ಕೆಲಸದವಳು ಮಗಳ ಕೈಯಲ್ಲಿ ಉಳಿದಿದ್ದ ಆ ಕಾರ್ಡನ್ನು ತಿರುಗಿಸಿ ನೋಡಿದಳು. ಅದೊಂದರ ಮೂಲೆ ಮಾತ್ರ ಮಡಚಿ ಮಡಚಿ ಬೆಳ್ಳಗಾಗಿತ್ತು. ಮನೆಯ ಮಕ್ಕಳೆಲ್ಲ ಆ ಗುರುತು ನೋಡಿಕೊಂಡೇ ಬೇರೆ ಕಾರ್ಡು ಎಳೆಯುತ್ತಿದ್ದರು.

ಅವಳು ಅಲ್ಲೇ ನೆಲಕ್ಕೆ ಕೂತಳು. ಜಡ್ಜು, ಡಾಕ್ಟರು, ಮೇಷ್ಟರು ಯಾರನ್ನೂ ಬಿಡದೆ, ಅಷ್ಟೂ ಕಾರ್ಡುಗಳ ಅದೇ ಮೂಲೆಯನ್ನು ಉಗುರೊತ್ತಿ ಮಡಚಿದಳು.

"ಈಗ ಆಡಿ," ಎಂದಳು. "ಹಣೆಬರಹ ನೋಡೇ ಬಿಡೋಣ."